ನಮ್ಮ ಖಾನಾವಳಿಯ ಆರ್‌ಎನ್‌ಎ ಮೇಡಂ

ಆಗ ನನಗೆ ಅರವತ್ತೆರಡು. ಎಂಟು ವರ್ಷದ ಹಿಂದಿನ ಮಾತು. ಹೊನ್ನಾಳಿಯ ನಮ್ಮ ಖಾನಾವಳಿಗೆ ಊಟಕ್ಕೆ ಬರುತ್ತಿದ್ದ ಕಾಲೇಜಿನ ಮೇಡಂ ಅವರ ಉಗುರುಗಳು ಸದಾ ನೇರಳೆ ಬಣ್ಣ. ಹಣ್ಣು ತಿಂದು ಕೈ ತೊಳೆದಿಲ್ಲ ಅಂದುಕೊಂಡು ಮೊದಲ ದಿನವೇ ಬೈದೆ. "ಲ್ಯಾಬಿನ ಬಣ್ಣ ಅಮ್ಮಾ, ತಿಕ್ಕಿದ್ರೂ ಹೋಗಲ್ಲ" ಎಂದು ನಕ್ಕರು. ರೊಟ್ಟಿಯನ್ನು ಪೂರಾ ಚೂರು ಮಾಡಿಕೊಂಡ ಮೇಲೇ ಪಲ್ಯಕ್ಕೆ ಕೈ ಹಾಕುತ್ತಿದ್ದರು. ಮಕ್ಕಳ ಹಾಗೆ.

ನಾನು ಓದಿದ್ದು ಎರಡನೇ ಕ್ಲಾಸು. ಎಷ್ಟು ರೊಟ್ಟಿ ಬೇಕು ಅಂತ ಒಲೆ ಪಕ್ಕದ ಸ್ಲೇಟಿನಲ್ಲಿ ಸೊಸೆ ಬರೆಯುತ್ತಾಳೆ, ಬಡಿಯುವವಳು ನಾನು. ಒಮ್ಮೆ ಮಧ್ಯಾಹ್ನದ್ದನ್ನು ಅಳಿಸಲು ಮರೆತಳು. ನಾನು ಅದನ್ನೇ ನೋಡಿ ಸಂಜೆಗೂ ಅಷ್ಟೇ ಬಡಿದೆ. ತಿನ್ನುವವರಿಲ್ಲ. ಸೊಸೆಯನ್ನು ಬೈಯುತ್ತಿದ್ದಾಗ ಮೇಡಂ ಒಳಗೆ ಬಂದರು.

"ಅಮ್ಮಾ, ನಾನು ಓದ್ತಿರೋದೂ ಇದನ್ನೇ. ಮೈಯಾಗಿನ ಒಂದೊಂದು ಜೀವಕೋಶದಾಗೂ ಇಂಥ ಸ್ಲೇಟು ಇರತೈತೆ. ಅದನ್ನ ನೋಡ್ಕೊಂಡು ಮೈಗೆ ಬೇಕಾದ್ದು ತಯಾರಾಗತೈತೆ. ಕೆಲ್ಸ ಆದ್ಮೇಲೆ ಅಳಿಸಾಕೂ ಜನ ಅದಾರೆ."

"ಇದನ್ನ ಓದಾಕೆ ನಿಮಗೆ ಸಂಬಳನಾ?"

"ಕೇಳ್ರಿ ಇಲ್ಲಿ. ಆ ಜೀವಕೋಶದಾಗೇ ಇನ್ನೊಂದು ಉದ್ದಂದು ಐತೆ. ತಾನು ಏನೂ ತಯಾರು ಮಾಡಲ್ಲ. ಒಮ್ಮೆ ಸ್ಲೇಟಿಗೆ ಅಡ್ಡ ನಿಂತು ಅಳಿಸಾಕೆ ಬಿಡಲ್ಲ, ಒಮ್ಮೆ ಅಳಿಸೋರನ್ನ ತಾನೇ ಕರ್ಕೊಂಡು ಬರತೈತೆ."

"ನಮ್ಮ ಮನೆಯೋರು ಬಿಡ್ರಿ!" ಎಂದೆ. "ರೊಟ್ಟಿ ಬಡಿಯಲ್ಲ, ಒಲೆ ಹಚ್ಚಲ್ಲ. ಬಾಗ್ಲಾಗೆ ಕುಂತು ಅಳಿಸು, ಅಳಿಸಬ್ಯಾಡ ಅನ್ನೋದೊಂದೇ."

ಮೇಡಂ ನೀರು ನೆತ್ತಿಗೇರುವಷ್ಟು ನಕ್ಕರು. ಆ ಉದ್ದಂದರ ಹೆಸರು ಹೇಳಿದರು, ಅದೂ ಉದ್ದ. ನನಗೆ ನೆನಪಿರುವುದು ಕೊನೆಯ ಆರ್‌ಎನ್‌ಎ ಮಾತ್ರ.

ಈಗಲೂ ಮೇಡಂ ಕೂರುತ್ತಿದ್ದ ಕಿಟಕಿ ಪಕ್ಕ ಯಾರಾದರೂ ರೊಟ್ಟಿ ಚೂರು ಮಾಡಿದರೆ ತಲೆ ಎತ್ತಿ ನೋಡುತ್ತೇನೆ. ಬೇರೆ ಯಾರೋ ಆಗಿರುತ್ತಾರೆ.

ಆ ಸ್ಲೇಟಿನ ಮಾತಾಗಿ ಎರಡು ವರ್ಷ ಕಳೆದು ಮೇಡಂಗೆ ಕ್ಯಾನ್ಸರ್ ಬಂತು. ತಲೆಗೆ ಬಟ್ಟೆ ಕಟ್ಟಿಕೊಂಡು ಊಟಕ್ಕೆ ಬಂದರು. "ಒಳಗೆ ಅಳಿಸ್ಬೇಕಾದ್ದು ಅಳೀತಿಲ್ಲಮ್ಮಾ."

"ಅಷ್ಟು ಓದಿದೀರಲ್ಲ, ಅಳಿಸ್ರಿ ಮತ್ತೆ!"

"ಹೆಂಗೆ ಉಳೀತೈತೆ ಅಂತ ಒಂಚೂರು ಗೊತ್ತಾಗೈತೆ. ಹೆಂಗೆ ಅಳಿಸೋದು ಅಂತ ಇನ್ನೂ ಹುಡುಕ್ತಾ ಅದಾರೆ. ನನಗೆ ಸಿಗಲ್ಲ, ಯಾರಿಗಾದ್ರೂ ಸಿಗತೈತೆ."

ಅವತ್ತು ಅರ್ಧ ರೊಟ್ಟಿ ತಿಂದರು. ಉಳಿದರ್ಧ ನಾನು ತಿಂದೆ.

ಮಳೆಗಾಲಕ್ಕೆ ಮುಂಚೆ ತೀರಿಹೋದರು. ಸುದ್ದಿ ಸಂಜೆ ಬಂತು. ಅವರ ತವರು ಗೋವಿನಕೋವಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ಒಯ್ಯಬೇಕು. ನಾನು ಯಾವ ನೆಂಟಳೂ ಅಲ್ಲ. ಮಾರನೇ ಬೆಳಗ್ಗೆ ಅನ್ನ ಸಾರು ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದೆ.

"ನೀವ್ಯಾರು ತಾಯಿ?" ಎಂದರು ಅವರವ್ವ.

"ನಿಮ್ಮ ಮಗಳಿಗೆ ಊಟ ಹಾಕ್ತಿದ್ದೆ."

ಆಕೆ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅನ್ನ ಕಲಸಿ ಆಕೆಯ ಕೈಗೆ ತುತ್ತಿಟ್ಟೆ.