ಶಿವಕ್ಕ ಕಟ್ಟಿದ ಅವ್ವನ ಮೈ

ಕೆಲಸಕ್ಕೆ ಬಂದ ಮೊದಲನೇ ದಿನವೇ ಶಿವಕ್ಕ ನನ್ನ ಬೊಂಬೆಗಳ ಮಾನ ಕಳೆದ್ಲು. "ಏನಣ್ಣಾ ಇವು? ಹೊಟ್ಟೆ ಇಲ್ಲ, ಸೊಂಟ ಇಲ್ಲ. ಒಂದಾದ್ರೂ ಮುದ್ದೆ ಕಂಡಂಗಿಲ್ವಲ್ಲ!" ಅಂದ್ಲು. ನನಗೆ ಕೋಪ ಮೂಗಿನ ತುದೀಲೇ ಇರುತ್ತೆ, ಆದ್ರೂ ನಗು ಬಂತು. ಅವತ್ತಿಂದ ಹದಿನಾಲ್ಕು ವರ್ಷ ನನ್ನ ಹತ್ರ ಇದ್ಲು.

ನಾನು ಚಿಕ್ಕಣ್ಣ. ಸುಂಕದಕಟ್ಟೆಯಲ್ಲಿ ಶೆಡ್ಡು. ಬಟ್ಟೆ ಅಂಗಡಿಗಳಲ್ಲಿ ಸೀರೆ ಉಡಿಸಿ ನಿಲ್ಲಿಸ್ತಾರಲ್ಲ, ಆ ಫೈಬರ್ ಬೊಂಬೆ ಮಾಡೋದು ನನ್ನ ಕಸುಬು. ಶಿವಕ್ಕ ಲಗ್ಗೆರೆಯಿಂದ ಬಸ್ಸಲ್ಲಿ ಬರೋಳು. ಉಪ್ಪುಕಾಗದದಲ್ಲಿ ಉಜ್ಜೋದು, ದರ್ಜಿಗಳ ಬಟ್ಟೆ ಬೊಂಬೆಗೆ ಹತ್ತಿ ತುಂಬೋದು, ಹೊಲಿಯೋದು, ಎಲ್ಲಾ ಅವಳದೇ. ಗಂಡ ಇಲ್ಲ. ಮಗಳನ್ನ ಈ ದುಡಿಮೇಲೇ ಓದಿಸಿ ಮದುವೆ ಮಾಡಿದ್ಲು.

ಹೋದ ವರ್ಷ ರಾಜಾಜಿನಗರದ ಕಡೆ ಒಂದು ಪುಟ್ಟ ಮ್ಯೂಸಿಯಂ ಶುರುವಾಯ್ತು. ಹಳೇ ಮಿಲ್ ಕೆಲಸಗಾರರ ಬಟ್ಟೆಬರೆ, ಊಟದ ಡಬ್ಬಿ, ಅಂಥವನ್ನ ಇಡೋ ಜಾಗ. ಬಟ್ಟೆ ತೊಡಿಸೋಕೆ ಮೈ ಬೇಕು ಅಂತ ನನ್ನ ಕರೆಸಿದ್ರು. ಅಲ್ಲಿನ ಮಾಲಾ ಮೇಡಂ ನನ್ನ ಫೈಬರ್ ಬೊಂಬೆಯನ್ನ ಮೂಸಿ, "ಇದು ಬೇಡ ಸಾರ್" ಅಂದ್ರು. ಅದರ ವಾಸನೆಯೇ ಹಳೇ ಬಟ್ಟೆನ ತಿನ್ನುತ್ತಂತೆ. ಮರ ಬೇಡ, ಗೋಂದು ಬೇಡ, ತುಕ್ಕು ಹಿಡಿಯೋ ಮೊಳೆ ಬೇಡ. ಒಳ್ಳೇ ಬಿಳಿ ಫೋಮ್ ಕೆತ್ತಿ ಮೈ ಮಾಡಿ, ಮೇಲೆ ಪಾಲಿಯೆಸ್ಟರ್ ಹತ್ತಿ ಸುತ್ತಿ, ಬಣ್ಣ ಹಾಕದ ಕಾಟನ್ ಬಟ್ಟೆ ಹೊದಿಸಿ ಹೊಲೀಬೇಕು. ಆ ಕಾಟನ್ನನ್ನ ಬರೀ ನೀರಲ್ಲಿ ಮೂರು ಸಲ ಒಗೀಬೇಕು. "ಗಂಜಿ ಮಾತ್ರ ಸೋಕಬಾರದು ಸಾರ್. ಗಂಜಿಗೆ ಹುಳ ಬರುತ್ತೆ, ಹುಳ ಬಂದ್ರೆ ಬಟ್ಟೆ ಕಥೆ ಮುಗೀತು. ನಿಮ್ಮ ಕೆಲಸದೋರಿಗೆ ಮರೀದೆ ಹೇಳಿ" ಅಂತ ಒತ್ತಿ ಒತ್ತಿ ಹೇಳಿದ್ರು.

ನನಗೆ ಮೈಯೆಲ್ಲ ಉರಿ. ಮೂವತ್ತು ವರ್ಷ ಬೊಂಬೆ ಮಾಡಿದೋನಿಗೆ ಬಟ್ಟೆ ಒಗೆಯೋ ಪಾಠ ಹೇಳ್ತಾರಲ್ಲ ಅಂತ. ಶೆಡ್ಡಿಗೆ ಬಂದು ಶಿವಕ್ಕಂಗೆ, "ಕಾಟನ್ನು ಚೆನ್ನಾಗಿ ಒಗೆದು ಹಾಕಮ್ಮ" ಅಂದೆ. ಗಂಜಿ ಸುದ್ದಿ ಎತ್ತಲೇ ಇಲ್ಲ.

ಮಿಲ್ಲಿನೋರ ಬಟ್ಟೆ ಅಂತ ಕೇಳಿದ್ದೇ ತಡ, ಮಾರನೇ ದಿನ ಶಿವಕ್ಕ ಒಂದು ಗಂಟು ತಂದ್ಲು. ಅವಳ ಅವ್ವ ಲಿಂಗಮ್ಮನ ಹಸಿರು ಸೀರೆ, ಒಂದು ರವಿಕೆ. ಲಿಂಗಮ್ಮ ಮಾಗಡಿ ರೋಡ್ ಕಡೆ ಒಂದು ಮಿಲ್ಲಲ್ಲಿ ನೂಲು ಸುತ್ತೋರು. ರವಿಕೆ ಒಳಗೆ ಹಾಜರಿ ಬಿಲ್ಲೆ ಇಟ್ಕೊಳ್ಳೋಕೆ ಕೈಯಲ್ಲಿ ಹೊಲಿದ ಜೇಬಿತ್ತು. ಮೇಡಂ ಅದನ್ನ ನೋಡಿ ಕುಣಿದುಬಿಟ್ರು, ಸೈನ್ ಹಾಕಿಸ್ಕೊಂಡು ಬಟ್ಟೆ ಮ್ಯೂಸಿಯಂಗೆ ತಗೊಂಡ್ರು. ಶಿವಕ್ಕಂಗೆ ಹನ್ನೊಂದು ವರ್ಷ ಆಗಿದ್ದಾಗ ಲಿಂಗಮ್ಮ ತೀರಿಕೊಂಡ್ರಂತೆ. ಒಂದು ಫೋಟೋನೂ ಇಲ್ಲ. "ಮುಖ ನೆನಪಾಗಲ್ಲ ಅಣ್ಣಾ. ಮೈ ನೆನಪಿದೆ. ಬೆನ್ನು ತಬ್ಕೊಂಡು ಮಲಗ್ತಿದ್ದೆನಲ್ಲ" ಅಂದ್ಲು.

ಆ ಒಂದು ಮೈ ಕಟ್ಟೋಕೆ ಹದಿನೆಂಟು ದಿನ ಹಿಡೀತು. ನೂಲಿನ ಕುಕ್ಕೆ ಹೊತ್ತೂ ಹೊತ್ತೂ ಲಿಂಗಮ್ಮಂಗೆ ಒಂದು ಭುಜ ಇಳಿದುಹೋಗಿತ್ತಂತೆ. ಶಿವಕ್ಕ ಫೋಮ್ ಕೆತ್ತೋಳು, ಕಣ್ಣು ಮುಚ್ಚಿ ಹಿಂದಿನಿಂದ ತಬ್ಬೋಳು, "ಊಹೂಂ, ಅವ್ವ ಇಷ್ಟು ದಪ್ಪ ಇರ್ಲಿಲ್ಲ" ಅಂತ ಮತ್ತೆ ಚಾಕು ಹಿಡಿಯೋಳು. ಒಂದು ಮಧ್ಯಾಹ್ನ ತಬ್ಬಿದೋಳು ಬಿಡಲೇ ಇಲ್ಲ. "ಬಂದ್ಲು ಅಣ್ಣಾ" ಅಂದ್ಲು. ನನ್ನ ಕಣ್ಣಲ್ಲೂ ನೀರು. ಟೀ ತರ್ತೀನಿ ಅಂತ ಆಚೆ ಹೋದೆ.

ಆಮೇಲೆ ಪ್ರತಿ ಭಾನುವಾರ ಮ್ಯೂಸಿಯಂಗೆ ಹೋಗಿ ಆ ಗಾಜಿನ ಮುಂದೆ ನಿಂತು ಬರೋಳು. ತಲೆ ಇಲ್ಲ, ಕೈ ಇಲ್ಲ, ಆದ್ರೂ ಅವಳಿಗೆ ಅದು ಅವ್ವನೇ. ಮೊಮ್ಮಗಳನ್ನ ಕರ್ಕೊಂಡ್ಹೋಗಿ "ನಿಮ್ಮ ಮುತ್ತಜ್ಜಿ ಕಣೇ" ಅಂತ ಕೈ ಮುಗಿಸಿದ್ಲು.

ಮಳೆಗಾಲ ಮುಗಿಯೋ ಹೊತ್ತಿಗೆ ಮಾಲಾ ಮೇಡಂ ಫೋನ್ ಮಾಡಿ ತಕ್ಷಣ ಬನ್ನಿ ಅಂದ್ರು. ಹೋಗಿ ನೋಡಿದ್ರೆ ಸೀರೆ ಉಳಿದಿತ್ತು, ರವಿಕೆಯ ಬೆನ್ನು ಜರಡಿ ಆಗಿತ್ತು. ಒಳಗಿನ ಜೇಬು ಪೂರ್ತಿ ಹೋಗಿತ್ತು. ಹಳೇ ಪುಸ್ತಕದಲ್ಲಿ ಓಡಾಡೋ ಬೆಳ್ಳಿ ಬಣ್ಣದ ಹುಳ, ಒಂದಲ್ಲ ಎರಡಲ್ಲ. ಒಳಗಿನ ಕಾಟನ್ ಮುಟ್ಟಿದೆ, ಗರಿಗರಿ. ಗಂಜಿ!

ಮೇಡಂ ಎದುರಿಗೇ ಶಿವಕ್ಕಂಗೆ ಫೋನ್ ಹಚ್ಚಿದೆ. "ಗಂಜಿ ಹಾಕಿದ್ಯೇನಮ್ಮಾ?"

"ಹೂಂ ಅಣ್ಣಾ. ಚೆನ್ನಾಗಿ ಒಗಿ ಅಂದ್ರಲ್ಲ? ಅವ್ವ ಗಂಜಿ ಇಲ್ದೆ ಒಂದು ಬಟ್ಟೇನೂ ಉಟ್ಟೋಳಲ್ಲ. ಜೋತುಬಿದ್ದಿರೋದನ್ನ ಅವಳ ಮೈಗೆ ಹಾಕ್ಲಾ?"

"ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ! ನಿನ್ನ ಕಿವಿಗೆ ಏನಾಗಿತ್ತು?" ಅಂತ ಕಿರುಚಿದೆ. ಮೇಡಂ ನನ್ನನ್ನೇ ನೋಡ್ತಿದ್ರು, ಸುಳ್ಳು ತಾನಾಗೇ ಬಂತು.

ಹುಳ ಬೇರೆ ಬಟ್ಟೆಗೆ ಹಬ್ಬಬಾರದು, ಈ ಮೈ ಇವತ್ತೇ ಇಲ್ಲಿಂದ ಹೋಗ್ಬೇಕು ಅಂದ್ರು ಮೇಡಂ. ಅದನ್ನೇ ಶಿವಕ್ಕಂಗೆ ಹೇಳಿ ಫೋನ್ ಇಟ್ಟು, ಬಟ್ಟೆ ಬಿಚ್ಚಿಕೊಟ್ಟು, ಮೈಯನ್ನ ಆಟೋದಲ್ಲಿ ಹಾಕ್ಕೊಂಡು ಶೆಡ್ಡಿಗೆ ತಂದೆ. ಯಾರ ಮೇಲೆ ಕೋಪವೋ, ಚಾಕು ತಗೊಂಡು ತುಂಡು ತುಂಡು ಮಾಡಿ, ಚೀಲಕ್ಕೆ ತುಂಬಿ, ಕಸದ ಗಾಡಿಗೆ ಎತ್ತಿಬಿಟ್ಟೆ.

ಮಾರನೇ ಬೆಳಿಗ್ಗೆ ಶಿವಕ್ಕ ಬಂದ್ಲು, ಕೈಯಲ್ಲಿ ಒಗೆದು ಮಡಿಸಿದ ಒಂದು ಬೆಡ್‌ಶೀಟು. "ರವಿಕೆ ಹೋದ್ರೆ ಹೋಗ್ಲಿ ಅಣ್ಣಾ. ಆ ಮೈ ನಂಗೆ ಕೊಡಿ. ಮೇಲಿನ ಬಟ್ಟೆ, ಹತ್ತಿ ಬಿಚ್ಚಿ ಬಿಸಾಕ್ತೀನಿ. ಫೋಮಿಗೆ ಹುಳ ಹತ್ತಲ್ಲ. ಮನೇಲಿ ಮೂಲೇಲಿ ಇಟ್ಕೋತೀನಿ."

ಬಿಚ್ಚಿದ್ರೆ ಸಾಕಿತ್ತು. ಅದು ನನಗೆ ಹೊಳೀಲೇ ಇಲ್ಲ ನೋಡಿ.

"ಕೊಯ್ದುಬಿಟ್ಟೆ ಕಣಮ್ಮ. ಗಾಡಿಗೆ ಹೋಯ್ತು" ಅಂದೆ.

ಶಿವಕ್ಕ ನೆಲ ನೋಡಿದ್ಲು. ಅಲ್ಲಲ್ಲಿ ಬಿಳೀ ಚೂರು ಬಿದ್ದಿದ್ವು. ಅಳಲಿಲ್ಲ. ಬಾಗಿಲ ಹತ್ರ ಕೂತ್ಕೊಂಡ್ಲು. ಆಮೇಲೆ ನನ್ನ ಮುಖ ನೋಡಿ, "ನೀವು ಹೇಳೇ ಇರ್ತೀರ ಅಣ್ಣಾ. ಅವ್ವನ ಬಟ್ಟೆ ಅನ್ನೋ ಗುಂಗಲ್ಲಿ ನನ್ನ ಕಿವಿಗೇ ಬಿದ್ದಿಲ್ಲ. ನನ್ನ ಕೈಯಾರೆ ಅವಳನ್ನ ಹುಳಕ್ಕೆ ತಿನ್ನಿಸಿಬಿಟ್ಟೆ. ನಿಮ್ಮ ಹೆಸರೂ ಕೆಡಿಸ್ದೆ. ತಪ್ಪಾಯ್ತು" ಅಂತ ಎರಡೂ ಕೈ ಮುಗಿದ್ಲು.

ಒಂದು ಮಾತು ಸಾಕಿತ್ತು, ನಾನು ಹೇಳಿರಲಿಲ್ಲ ಶಿವಕ್ಕ ಅಂತ.

"ಹೋಗ್ಲಿ ಬಿಡಮ್ಮ" ಅಂದೆ. ಅವಳನ್ನ ಕ್ಷಮಿಸಿದೆ, ನಾನು!

ಅವಳು ಬೆಡ್‌ಶೀಟು ಎತ್ಕೊಂಡು ಬಸ್‌ಸ್ಟಾಪಿನ ಕಡೆ ನಡೆದ್ಲು. ಮತ್ತೆ ಕೆಲಸಕ್ಕೆ ಬರಲಿಲ್ಲ.