ಮೂರು ಕುದುರೆ ಕದ್ದ ಶೇಷಗಿರಿ

ನೋವೈ ಎಂಬ ಊರಿನ ಶೇಷಗಿರಿಯವರು ಅರವತ್ತನಾಲ್ಕು ವರ್ಷಗಳಲ್ಲಿ ಒಂದು ಸುಳ್ಳನ್ನೂ ಹೇಳಿದವರಲ್ಲ. ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅವರು, ಸೀಟ್ ಬೆಲ್ಟ್ ಹಾಕದಿದ್ದರೆ ‘ಟಿಂಗ್ ಟಿಂಗ್’ ಎನ್ನುವ ಸದ್ದನ್ನು ತಿದ್ದುವುದರಲ್ಲೇ ಮೂವತ್ತು ವರ್ಷ ಕಳೆದಿದ್ದರು. ಮನೆಯಲ್ಲೂ ಅವರು ಮಾಡುವುದು ಅದೇ ಸದ್ದು ಎನ್ನುತ್ತಿದ್ದರು ಹೆಂಡತಿ ಪದ್ಮ.

ನಿವೃತ್ತರಾದ ಬೇಸಿಗೆಯಲ್ಲಿ ದಂಪತಿ ಅಡುಗೆ, ಸ್ನಾನ, ನಿದ್ದೆಗೆಲ್ಲ ಜಾಗವಿರುವ ಒಂದು ಮೋಟರ್‌ಹೋಮ್ ಗಾಡಿ ಬಾಡಿಗೆಗೆ ಹಿಡಿದು ಪಶ್ಚಿಮಕ್ಕೆ ಹೊರಟರು. ದಾರಿಯಲ್ಲಿ ಬೋಲಿಂಗ್‌ಬ್ರೂಕ್ ಎಂಬ ಊರಿನಲ್ಲಿ ಹಳೆಯ ಸ್ನೇಹಿತ, ಧಾರವಾಡದ ಕಡೆಯ ರಾಚಯ್ಯನವರು ಒಂದು ಚೀಲ ಜೋಳದ ರೊಟ್ಟಿಯೊಂದಿಗೆ ಹತ್ತಿಕೊಂಡರು. ಐವತ್ತೈದು ಮೈಲಿ ವೇಗವನ್ನು ಎಂದೂ ಮೀರದ ಶೇಷಗಿರಿಯವರ ದೆಸೆಯಿಂದ, ಸೌತ್ ಡಕೋಟಾದ ಆ ಹಳೆಯ ಕೌಬಾಯ್ ಊರು ಸಿಕ್ಕಿದ್ದು ನಾಲ್ಕನೆಯ ದಿನ.

ಸಾಲಾಗಿ ಮರದ ಹಲಗೆಯ ಅಂಗಡಿಗಳು, ಕುದುರೆ ಕಟ್ಟುವ ಕಂಬಗಳು. ದಿನವೂ ಮಧ್ಯಾಹ್ನ ಎರಡಕ್ಕೆ ಬೀದಿಯಲ್ಲೊಂದು ಆಟ: ಪ್ರವಾಸಿಗಳಲ್ಲಿ ಒಬ್ಬನನ್ನು ಹಿಡಿದು, ಕುದುರೆ ಕಳ್ಳನೆಂದು ವಿಚಾರಣೆ ನಡೆಸುವುದು.

“ನೀವ್ ನೋಡಿ ಬರ್ರಿ. ನಾ ತಲಿಗೆ ಎಣ್ಣಿ ಹಚ್ಚಿ ಜಳಕಾ ಮಾಡ್ತೀನಿ,” ಎಂದು ರಾಚಯ್ಯ ಗಾಡಿಯಲ್ಲೇ ಉಳಿದರು.

ಹಳೆಯ ಕಾಲದ ಪೊಲೀಸ್ ಅಧಿಕಾರಿಯ ವೇಷದ, ದೊಡ್ಡ ಮೀಸೆಯ ಷೆರಿಫ್ ಜನರ ನಡುವೆ ನುಗ್ಗಿ ಹಿಡಿದದ್ದು ಶೇಷಗಿರಿಯವರನ್ನೇ. ನಿನ್ನೆ ಸಂಜೆ ಕುದುರೆ ಕದ್ದೆಯಾ ಎಂದು ನ್ಯಾಯಾಧೀಶನ ವೇಷದವನು ಗುಡುಗಿದ. ಇಲ್ಲ ಸರ್, ನಿನ್ನೆ ಆ ಹೊತ್ತಿಗೆ ನಾವು ಮಿನೆಸೋಟಾದಲ್ಲಿದ್ದೆವು ಎಂದು ಶೇಷಗಿರಿ ಜೇಬಿನಿಂದ ಪೆಟ್ರೋಲ್ ಹಾಕಿಸಿದ ಗ್ಯಾಸ್ ಸ್ಟೇಷನ್ನಿನ ರಸೀದಿ ತೆಗೆದು ಕೊಟ್ಟರು. ನ್ಯಾಯಾಧೀಶ ಕನ್ನಡಕ ಹಾಕಿಕೊಂಡು ಓದಿದ. ಗಂಟೆ, ದಿನಾಂಕ ಎಲ್ಲ ಸರಿಯಾಗಿತ್ತು. ಕಳ್ಳ ನಿರಪರಾಧಿಯಾದರೆ ಮುಂದೇನು ಎಂದು ಆಟದಲ್ಲಿ ಯಾರೂ ಬರೆದಿರಲಿಲ್ಲ. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳ ತುಟಿ ಅಳುವಿಗೆ ಸಿದ್ಧವಾಯಿತು.

“ರೀ, ಒಪ್ಕೊಂಡ್ಬಿಡಿ. ಪಾಪ, ಮಕ್ಕಳು ಕಾಯ್ತಾ ಇದಾರೆ,” ಎಂದರು ಪದ್ಮ.

“ಕದ್ದಿಲ್ವಲ್ಲೇ!”

“ಇಷ್ಟು ವರ್ಷ ಏನೂ ಕದ್ದಿಲ್ಲ. ಒಂದು ಕುದುರೆ ಕದ್ರೆ ಗಂಟೇನ್ ಹೋಗತ್ತೆ?”

ಶೇಷಗಿರಿ ಬೆವರು ಒರೆಸಿಕೊಂಡು, “ಕದ್ದೆ,” ಎಂದರು. ಜನ ಹೋ ಎಂದು ಕೂಗಿದರು. ಜೀವಮಾನದಲ್ಲಿ ಅವರಿಗಾಗಿ ಯಾರೂ ಹಾಗೆ ಕೂಗಿರಲಿಲ್ಲ. “ಒಂದಲ್ಲ, ಮೂರು!” ಎಂದರು. ಈ ಸಲ ಸಿಳ್ಳೆಯೂ ಬಿತ್ತು. ಲಾಯದ ಚಿಲಕ ಕಿರುಗುಟ್ಟದಂತೆ ಮೊದಲೇ ಎಣ್ಣೆ ಬಿಟ್ಟಿದ್ದು, ಗೊರಸುಗಳಿಗೆ ಸದ್ದಾಗದಂತೆ ಕಾಲುಚೀಲ ತೊಡಿಸಿದ್ದು, ಎಲ್ಲವನ್ನೂ ವಿವರಿಸಿದರು.

“ರೀ, ಸಾಕು,” ಎಂದು ಪದ್ಮ ಶರ್ಟು ಜಗ್ಗಿದರು.

ಕುದುರೆಗಳೆಲ್ಲಿ ಎಂದ ಷೆರಿಫ್. ಶೇಷಗಿರಿ ಪಾರ್ಕಿಂಗ್ ಲಾಟಿನತ್ತ ಕೈ ತೋರಿಸಿ, ನಮ್ಮ ಮೋಟರ್‌ಹೋಮ್‌ನಲ್ಲಿ ಎಂದುಬಿಟ್ಟರು.

ಇಡೀ ಗುಂಪು ಅತ್ತ ನಡೆಯಿತು. ಷೆರಿಫ್ ಪಿಸ್ತೂಲಿನ ಹಿಡಿಯಿಂದ ಬಾಗಿಲು ತಟ್ಟಿದ. ಸೊಂಟಕ್ಕೊಂದು ಟವೆಲ್ಲು ಸುತ್ತಿ, ಕಿವಿಯ ಮೇಲೆ ಎಣ್ಣೆ ಇಳಿಸಿಕೊಂಡು, ಕೈಯಲ್ಲಿ ರೊಟ್ಟಿ ಹಿಡಿದ ರಾಚಯ್ಯ ಬಾಗಿಲು ತೆರೆದರು.

“ಏನ್ರಿ ಶೇಷಗಿರಿಯವರ, ಇಷ್ಟ ಮಂದೀನ ಊಟಕ್ಕ ಕರಕೊಂಡ ಬಂದೀರೇನ್?”

ಇವನೇ ಕಳ್ಳನ ಜೊತೆಗಾರ ಎಂದು ಷೆರಿಫ್ ಘೋಷಿಸಿ ಅವರಿಗೂ ಕೋಳ ತೊಡಿಸಿದ. ಇಬ್ಬರಿಗೂ ಹತ್ತು ನಿಮಿಷ ಜೈಲು. ಕಂಬಿಗಳ ಹಿಂದೆ ನಿಂತ ಟವೆಲ್ಲಿನ ರಾಚಯ್ಯನವರ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ಅವರು ಕಂಬಿಯ ಸಂದಿಯಿಂದ ಷೆರಿಫನಿಗೂ ಒಂದು ರೊಟ್ಟಿ ಕೊಟ್ಟರು. ಅವನು ಅದನ್ನು ಬೆರಳಿನಿಂದ ಎರಡು ಸಲ ಬಡಿದು ನೋಡಿ, ಆಮೇಲೆ ಕಡಿದ.

ನಾಲ್ಕು ಗಂಟೆಗೆ ಇನ್ನೊಂದು ಆಟವಿದೆ ಎಂದು ತಿಳಿದದ್ದೇ ಶೇಷಗಿರಿ ಹೊರಡಲು ಒಪ್ಪಲಿಲ್ಲ. ಮುಂದಿನ ಸಾಲಿನಲ್ಲಿ ನಿಂತು ಕೈ ಎತ್ತಿದರು, ಕೆಮ್ಮಿದರು. ಷೆರಿಫ್ ಮಾತ್ರ ಓಹಾಯೋದ ಒಬ್ಬ ದಂತವೈದ್ಯನನ್ನು ಆರಿಸಿದ. ಆತ ತಲೆ ತಗ್ಗಿಸಿ ಒಂದೇ ಮಾತಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ನಡೆದ.

“ಏನ್ ಕಳ್ಳನೇ ಅವನು,” ಎಂದರು ಶೇಷಗಿರಿ ಬೇಸರದಿಂದ. “ಸ್ವಲ್ಪನೂ ಪ್ರಿಪೇರ್ ಆಗಿ ಬಂದಿಲ್ಲ.”