ಲಾಡಿಹುಳುವಿನ ಪಂಡಿತ ಗಿದಿಯೋನ್

ಗಿದಿಯೋನ್ ಫೋರ್ಟಾಯ್ನ್ ಎಂಬಾತನಿಗೆ ದೇವರು ಎರಡು ಕೈಗಳನ್ನು ದಯಪಾಲಿಸಿದ್ದನು. ಐವತ್ತು ವರ್ಷಗಳಲ್ಲಿ ಅವು ಒಮ್ಮೆಯೂ ಕೆಸರನ್ನು ಮುಟ್ಟಲಿಲ್ಲ. ರೂಯಿಫ್ಲೇಯ ಹಿನ್ನೀರಿನ ದಡದಲ್ಲಿ ಹುಟ್ಟಿ, ಗಾಳಕ್ಕೆ ಹುಳು ಅಗೆದು ಮಾರುತ್ತಿದ್ದ ತಾಯಿಯ ರೊಟ್ಟಿ ತಿಂದು ಬೆಳೆದವನಿಗೆ ಇದು ಸುಲಭದ ಸಾಧನೆಯಲ್ಲ. ಶಾಲೆಯನ್ನು ಬಿಟ್ಟನು. ಮೀನುದೋಣಿಯೇರಿ, ವಾಂತಿ ಮಾಡಿಕೊಂಡು ಮರಳಿದನು. ಇಗರ್ಜಿಯಲ್ಲಿ ಕಾಣಿಕೆಯ ತಟ್ಟೆ ಹಿಡಿಯುವುದನ್ನು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ, ಏಕೆಂದರೆ ಆಗ ಎಲ್ಲರೂ ಅವನನ್ನು ನೋಡುತ್ತಿದ್ದರು.

ಸರಕಾರ ಬದಲಾದ ಮರುವರ್ಷ ದಡದ ಕಾವಲುಗಾರನಾಗಿ ಖಾಕಿ ತೊಟ್ಟಮೇಲೆ ಅವನಿಗೆ ವಿದ್ಯೆಯೂ ಬಂದಿತು. ನಮ್ಮವರು ಲಾಡಿಹುಳು ಎನ್ನುವುದು ಹೊಟ್ಟೆಯ ಹುಳುವನ್ನಲ್ಲ. ಕೆಸರಿನೊಳಗೆ ಮಾರುದ್ದ ಹರಿದಾಡುವ, ರಿಬ್ಬನ್ನಿನಂತೆ ಚಪ್ಪಟೆಯಾದ ಕಡಲಹುಳುವನ್ನು. ಗಿದಿಯೋನನು ಅದನ್ನು ಸೀಸೆಗಳಲ್ಲಿ ಸ್ಪಿರಿಟ್ಟಿಗೆ ಹಾಕಿ, ಒಂದಕ್ಕೆ ಕಂದುಹುಳು, ಇನ್ನೊಂದಕ್ಕೆ ಬಿಳಿಹುಳು ಎಂದು ಚೀಟಿ ಅಂಟಿಸಿದ್ದನು. ಕಂದುಹುಳುವೇ ಸ್ಪಿರಿಟ್ಟಿನಲ್ಲಿ ವಾರ ಕಳೆದರೆ ಬಿಳಿಚಿಕೊಳ್ಳುತ್ತದೆಂಬುದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲವೆಂದಲ್ಲ. ಹೇಳುವಷ್ಟು ಅಕ್ಕರೆ ಯಾರಿಗೂ ಇರಲಿಲ್ಲ.

ಒಬ್ಬರು ದಿನಕ್ಕೆ ಐದು ಹುಳುಗಳಿಗಿಂತ ಹೆಚ್ಚು ಅಗೆಯಬಾರದೆಂಬುದು ನಿಯಮ, ಮೀರಿದವರಿಗೆ ಪರವಾನಗಿಯಿಲ್ಲ. ಒಂದು ಬೆಳಿಗ್ಗೆ ಅವನು ಡೀಟಾ ಯೂಲೀಸಳ ಡಬ್ಬಿಯನ್ನು ತೆರೆಸಿದನು. ಅರವತ್ತೆರಡರ ವಿಧವೆ, ಆ ಪರವಾನಗಿಯಲ್ಲದೆ ಅವಳ ಒಲೆಗೆ ಬೇರೆ ಆಧಾರವಿರಲಿಲ್ಲ.

"ಹನ್ನೊಂದು ಇದಾವೆ ಆಂಟಿ ಡೀಟಾ. ಎರಡು ಸಲ ಎಣಿಸಿದೀನಿ."

"ಎಣಿಸೋದು ಬರುತ್ತೆ ನಿಂಗೆ, ಗೊತ್ತು ಗಿದಿ. ಇವು ಮೂರೇ ಹುಳ. ಎಳೆಯೋವಾಗ ತುಂಡಾದ್ವು. ತಲೆ ಎಣಿಸು."

"ಎಲ್ಲಾ ತುಂಡೂ ಅಲ್ಲಾಡ್ತಾ ಇದೆ. ಅಲ್ಲಾಡೋದೆಲ್ಲ ಹುಳಾನೇ."

"ಹಂಗಾದ್ರೆ ಹಲ್ಲಿ ಬಾಲ ಉದುರಿಸಿದ್ರೆ ಎರಡು ಹಲ್ಲಿ ಅಂತ ಬರ್ಕೋ."

ಗಿದಿಯೋನನು ಹನ್ನೊಂದು ಎಂದೇ ಬರೆದು ಪರವಾನಗಿಯನ್ನು ಕಸಿದುಕೊಂಡನು.

ಮಧ್ಯಾಹ್ನ, ಡೀಟಾ ಇನ್ನೂ ಅಲ್ಲೇ ಕಾದಿರುವಾಗ, ಹಿರಿಯ ಅಧಿಕಾರಿಣಿ ನೊಲುತಾಂಡೊ ಬಂದಳು. ಮಿತಭಾಷಿಣಿ. ತುಂಡುಗಳನ್ನೆಲ್ಲ ಬಿಳಿಯ ತಟ್ಟೆಯ ಉಪ್ಪುನೀರಿನಲ್ಲಿ ಹರಡಿಸಿ, ಭೂತಗನ್ನಡಿಯನ್ನು ಗಿದಿಯೋನನ ಕೈಗಿತ್ತು, ಒಂದೊಂದನ್ನೂ ವರ್ಣಿಸೆಂದಳು. ಅವನು ಕೆಮ್ಮಿ ಗಂಟಲನ್ನು ಸರಿಪಡಿಸಿಕೊಂಡು ಬಾಗಿದನು.

"ಇದು ತಲೆ, ಮೇಡಂ. ಎರಡು ಕಣ್ಣಿದೆ, ಕಪ್ಪಗೆ. ನನ್ನನ್ನೇ ನೋಡ್ತಾ ಇದೆ."

"ಬರೀರಿ," ಎಂದಳು ಅವಳು.

ಅವನು ಬರೆದನು. ಅವಳು ಬೊಗಸೆ ನೀರನ್ನು ಮೆಲ್ಲನೆ ಹೊಯ್ದಳು. ಎರಡು ಕಣ್ಣುಗಳೂ ತೇಲಿಹೋಗಿ ತಟ್ಟೆಯ ಅಂಚಿನಲ್ಲಿ ಕೆಸರಿನ ಕಣಗಳಾಗಿ ನಿಂತವು.

"ಕುರುಡಾಯ್ತಲ್ಲೋ ಪಾಪ," ಎಂದಳು ಡೀಟಾ.

ಬಳಿಕ ನೊಲುತಾಂಡೊ ಒಂದು ತುಂಡನ್ನು ಮಗುಚಿ, ತುದಿಯ ಕೆಳಗಡೆ ಸೀಳಿನಂತಿದ್ದ ಬಾಯಿಯನ್ನು ತೋರಿಸಿದಳು. ಹುಲ್ಲುಕಡ್ಡಿಯಿಂದ ತಿವಿದಾಗ ಆ ತುದಿಯಿಂದ ಹುಳು ಬೇಟೆ ಹಿಡಿಯಲು ಚಾಚುವ, ಬೇರಿನಂತೆ ಕವಲೊಡೆದ ಬಿಳಿಯ ಅಂಟುದಾರ ಹೊರಚಿಮ್ಮಿತು. ಅಂಥ ಬಾಯಿ ಇನ್ನೆರಡು ತುಂಡುಗಳಲ್ಲಿತ್ತು. ಉಳಿದ ಎಂಟರಲ್ಲಿ ಇರಲಿಲ್ಲ. ಅಧಿಕಾರಿಣಿ ಹನ್ನೊಂದನ್ನು ಹೊಡೆದುಹಾಕಿ ಮೂರೆಂದು ಬರೆದು, ಪರವಾನಗಿಯನ್ನು ಡೀಟಾಳ ಒದ್ದೆ ಕೈಯಲ್ಲಿಟ್ಟಳು.

ನಾಚಿಕೆಯೆಂಬುದು ದೇವರ ಕೃಪೆ. ಅದು ಎಲ್ಲರಿಗೂ ದೊರೆಯುವುದಿಲ್ಲ. ಆ ಭಾನುವಾರ ಗಿದಿಯೋನನು ಇಗರ್ಜಿಯ ಬಾಗಿಲಲ್ಲಿ, ಡೀಟಾಳನ್ನು ವಿಧವೆಯೆಂದು ಕನಿಕರಿಸಿ ತಾನೇ ಬಿಟ್ಟುಬಿಟ್ಟೆನೆಂದು ಹೇಳಿಕೊಂಡನು. ಸೋಮವಾರ ಕಡಲು ಇಳಿದ ಹೊತ್ತಿನಲ್ಲಿ ಕೆಸರಿನವರೆಗೂ ಹೋಗಿ ಅವಳಿಗೇ ಅದನ್ನು ಹೇಳಿದನು.

"ನಾನು ಬಿಟ್ಟಿದ್ದು ಅಂತ ನೆನಪಿರ್ಲಿ, ಆಂಟಿ."

ಅವಳು ಸನಿಕೆಯಿಂದ ತಲೆಯೆತ್ತಲಿಲ್ಲ. "ಆಯ್ತು ಗಿದಿ. ಸ್ವಲ್ಪ ಆ ಕಡೆ ಹೋಗು, ಹುಳದ ಬಿಲದ ಮೇಲೆ ನಿಂತಿದೀಯ."

ಬಿಲ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಆದುದರಿಂದ ಬಹಳ ದೂರ ಹೋಗಿ ನಿಂತನು.